ಎದುರುಬಾಯಿ

ದೊಡ್ಡ ಮನೆ ತಮಗೆ ಬೇಕೋ ಬೇಡವೋ ಎಂದು ಗೊತ್ತಿಲ್ಲದವರು ದೊಡ್ಡ ಮನೆಯ ಬೇಸಿಗೆಗೆ ಹೋಗಬೇಕೆ, ಹೋಗಬಾರದೆ? ಆ ಊರಿನಲ್ಲಿ ಮಾತು ಕಲಿಯುವವರು ಇಂದಿಗೂ ಈ ವಿಷಯಕ್ಕೆ ಜಗಳವಾಡುತ್ತಾರೆ. ಜಗಳ ಜೋರಾದಾಗ ಯಾರಾದರೂ ಒಬ್ಬರು ಅನುಮಾನದ ಹುಡುಗಿಯ ಕಥೆ ಎತ್ತುತ್ತಾರೆ. ಕಥೆ ಮುಗಿದರೂ ಜಗಳ ಮುಗಿಯುವುದಿಲ್ಲ. ಆದರೆ ಆಮೇಲೆ ಎಲ್ಲರೂ ಸ್ವಲ್ಪ ನೆಟ್ಟಗೆ ಕೂತು ಜಗಳವಾಡುತ್ತಾರೆ.

ಮೊದಲು ಆ ಊರಿನ ಕಟ್ಟಳೆ ಹೇಳಬೇಕು. ಅಲ್ಲಿ ಯಾರ ಮೇಲಾದರೂ ದಾವೆ ಹೂಡಬೇಕೆಂದರೆ ಮೊದಲು ಅವರ ಪರವಾಗಿ ಮಾತಾಡಬೇಕು. ನ್ಯಾಯದ ಕಟ್ಟೆಯ ಮೇಲೆ ಎದುರಾಳಿ ಒಂದು ಗುಟುಕು ನೀರನ್ನು ಬಾಯಲ್ಲಿ ಹಿಡಿದು ಕೂರುತ್ತಾನೆ. ನೀವು ಅವನ ಮುಂದೆ ನಿಂತು ಅವನ ಮಾತನ್ನು ಅವನಿಗೇ ಆಡಿ ತೋರಿಸಬೇಕು. ಅದು ತನ್ನ ಮಾತೇ ಅನ್ನಿಸಿದರೆ ಅವನು ನೀರನ್ನು ನುಂಗುತ್ತಾನೆ. ಅಲ್ಲ ಅನ್ನಿಸಿದರೆ ಉಗಿಯುತ್ತಾನೆ. ನುಂಗಿದರೆ ನಿಮ್ಮ ಬಾಯಿ ತೆರೆಯಿತು, ಇನ್ನು ನಿಮ್ಮ ವಾದ ಹೂಡಬಹುದು. ಎದುರಾಳಿ ಮತ್ತೆ ತುಟಿ ಬಿಚ್ಚಬೇಕಾಗಿಲ್ಲ, ಅವನ ಮಾತು ಆಗಲೇ ಆಡಿಯಾಗಿದೆ. ಮೂರು ಸಲ ಉಗಿದರೆ ಮಾತ್ರ ನಿಮ್ಮ ಬಾಯಿಗೆ ಬೀಗ ಬಿತ್ತು ಎಂದೇ ಅರ್ಥ. ಸೋತಿರಿ, ಮನೆಗೆ ಹೋಗಿ. ಇಂಥ ಕಟ್ಟಳೆ ಇನ್ಯಾವ ಊರಲ್ಲೂ ಇಲ್ಲವೆಂದು ಊರಿನವರಿಗೆ ವಿಪರೀತ ಹೆಮ್ಮೆ. ಕಟ್ಟೆಯ ಕಲ್ಲು ಸದಾ ಒದ್ದೆಯಾಗಿರುತ್ತದೆ, ಪಾಚಿ ಕಟ್ಟಿ ಜಾರುತ್ತದೆ. ಜಾರಿ ಬಿದ್ದು ಸೊಂಟ ಹಿಡಿದುಕೊಂಡವರು ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಊರಿನ ನಡುವೆ ದೊಡ್ಡ ಮನೆಗಳಿದ್ದವು. ಬೇರೆಯವರ ವ್ಯಾಜ್ಯ ನಡೆಸಿಕೊಡುವುದೇ ಅವುಗಳ ಕಸುಬು. ಎಲ್ಲಕ್ಕಿಂತ ಎತ್ತರದ ಮನೆಗೆ ನೀಲಿ ಶಾಲಿನ ಮನೆ ಎಂದು ಹೆಸರು. ಪ್ರತಿ ಬೇಸಿಗೆಯಲ್ಲಿ ಈ ಮನೆಗಳು ಬಾಗಿಲು ತೆರೆದು, ಮಾತಿನ ಶಾಲೆಯ ಕೊನೆಯ ವರ್ಷದವರನ್ನು ಒಳಗೆ ಕರೆದುಕೊಳ್ಳುತ್ತಿದ್ದವು. ಒಳಗೆ ಹೋದವರಿಗೆ ಒಂದೇ ಕೆಲಸ, ಎದುರುಬಾಯಿಯಾಗುವುದು. ಅಂದರೆ, ಮನೆಯ ಎದುರಾಳಿಯ ಮಾತನ್ನು ಮನೆಯೊಳಗೇ ಆಡಿ ಆಡಿ ಹದ ಮಾಡುವುದು. ಮನೆಯ ವಾದಿಗಳು ಎದುರಾಳಿಯ ಜಾಗದಲ್ಲಿ ಬಾಯಲ್ಲಿ ನೀರು ಹಿಡಿದು ಕೂತು ಕೇಳುತ್ತಿದ್ದರು. ಬೇಸಿಗೆ ಮುಗಿದಾಗ ಮೆಚ್ಚುಗೆಯಾದವರಿಗೆ ಮನೆ ತನ್ನ ಶಾಲು ಕೊಡುತ್ತಿತ್ತು. ಶಾಲು ಒಮ್ಮೆ ಹೆಗಲಿಗೆ ಬಿದ್ದರೆ ಮತ್ತೆ ಇಳಿಯುವಂತಿಲ್ಲ. ಅಂದಿನಿಂದ ಆ ದನಿ ಮನೆಯ ದನಿ.

ಮಾತಿನ ಶಾಲೆಯಲ್ಲಿ ಒಬ್ಬಳಿದ್ದಳು. ಶಾಲು ಬೇಕೆನ್ನುವವರ ಜೊತೆ ಕೂತರೆ ಅವಳಿಗೆ ಬೇಡ ಅನ್ನಿಸುತ್ತಿತ್ತು. ದೊಡ್ಡ ಮನೆಗಳನ್ನು ಬೈಯುವವರ ಜೊತೆ ಕೂತರೆ, ಒಳಗೆ ಕಾಲಿಡದೆ ಇವರಿಗೆಲ್ಲ ಹೇಗೆ ಗೊತ್ತು ಅನ್ನಿಸುತ್ತಿತ್ತು. ಹಾಗಾಗಿ ಎರಡೂ ಗುಂಪಿನವರು ಸೇರಿ ಅವಳಿಗೆ ಅನುಮಾನದ ಹುಡುಗಿ ಎಂದು ಹೆಸರಿಟ್ಟರು. ಆ ಎರಡು ಗುಂಪುಗಳು ಒಪ್ಪಿದ ವಿಷಯ ಅದೊಂದೇ. "ಮನಸ್ಸಿಲ್ಲದವಳು ಹೋದರೆ ಮನಸ್ಸಿರುವವರ ಜಾಗ ಹಾಳು" ಎಂದರು ಶಾಲು ಬೇಕೆನ್ನುವವರು. "ಒಮ್ಮೆ ಒಳಗೆ ಹೋದರೆ ಮುಗೀತು, ನೀಲಿ ಬಣ್ಣ ಕಣ್ಣಿಗೆ ಹತ್ತಿಬಿಡುತ್ತೆ" ಎಂದರು ಉಳಿದವರು.

ಅವಳು ಮನೆಗೆ ಹೋಗಿ, ರಾಗಿ ಬೀಸುತ್ತಿದ್ದ ತಾಯಿಯ ಮುಂದೆ ಇದನ್ನೆಲ್ಲ ಹೇಳಿದಳು. ಮೊದಲು ಬೇಕೆನ್ನುವ ಕಾರಣಗಳನ್ನು ಹೇಳಿದಳು, ಆಮೇಲೆ ಬೇಡವೆನ್ನುವ ಕಾರಣಗಳನ್ನು ಹೇಳಿದಳು, ಆಮೇಲೆ ಮತ್ತೆ ಮೊದಲಿಂದ ಶುರು ಮಾಡಿದಳು.

ತಾಯಿ ಬೀಸುವ ಕಲ್ಲು ನಿಲ್ಲಿಸಿದಳು. "ಹೋದ್ರೆ ಹೋಗು, ಬಿಟ್ರೆ ಬಿಡು, ನನ್ನ ತಲೆ ಮಾತ್ರ ತಿನ್ನಬೇಡ ಕಣೆ" ಎಂದಳು. "ಗೊತ್ತಿಲ್ಲ ಅನ್ನೋದು ಏನು ಕಳ್ಳತನವಾ? ಬಾಗಿಲಲ್ಲಿ ನಿಂತು ಹಾಗೇ ಹೇಳು. ನನ್ನ ಮಗಳು ಬೇಕು ಅಂತ ಸುಳ್ಳು ಹೇಳಿ ಒಳಗೆ ಹೋದಳು ಅನ್ನಿಸ್ಕೊಳ್ಳೋದು ನನಗೆ ಬೇಡ. ಬೇಡ ಅಂತ ಸುಳ್ಳು ಹೇಳಿ ಹೊರಗೆ ಉಳಿದಳು ಅನ್ನಿಸ್ಕೊಳ್ಳೋದೂ ಬೇಡ."

ನೀಲಿ ಶಾಲಿನ ಮನೆಯ ಬಾಗಿಲಲ್ಲಿ ಮನೆಯ ಯಜಮಾನಿಯೇ ನಿಂತು ಒಬ್ಬೊಬ್ಬರನ್ನೂ ಕೇಳುವುದು ಪದ್ಧತಿ. ಅವಳ ತಲೆ ಪೂರ್ತಿ ನೆರೆತಿತ್ತು, ಬೆನ್ನು ಮಾತ್ರ ಬಾಗಿರಲಿಲ್ಲ. "ಈ ಮನೆ ನಿನಗೆ ಬೇಕೇನು?" ಎಂದು ಕೇಳುತ್ತಿದ್ದಳು. ಎಲ್ಲರೂ "ಬೇಕು" ಎನ್ನುತ್ತಿದ್ದರು. ಕೆಲವರು ಕೇಳುವ ಮೊದಲೇ ಎನ್ನುತ್ತಿದ್ದರು.

"ಗೊತ್ತಿಲ್ಲ ಅಮ್ಮಾ" ಎಂದಳು ಹುಡುಗಿ.

ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಯಜಮಾನಿ ನಗಲಿಲ್ಲ. "ಗೊತ್ತಿಲ್ಲದೆ ಇಲ್ಲಿಗೆ ಯಾಕೆ ಬಂದೆ?"

"ಹೊರಗೆ ನಿಂತು ಬೇಕಾದಷ್ಟು ಯೋಚನೆ ಮಾಡಿದೆ. ಗೊತ್ತಾಗಲಿಲ್ಲ. ಅದಕ್ಕೇ ಬಂದೆ."

ಯಜಮಾನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಯಾಕೆ ಬಿಟ್ಟಳೆಂದು ಮನೆಯವರಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಬರಲಿಲ್ಲ.

ಆ ಬೇಸಿಗೆ ಮನೆಯ ಕೈಯಲ್ಲಿ ಒಂದೇ ದೊಡ್ಡ ವ್ಯಾಜ್ಯವಿತ್ತು. ಊರಿನ ಜವಳಿ ಸಾಹುಕಾರ ತನ್ನ ಜಾಗದಲ್ಲಿ ಎತ್ತರದ ಮಗ್ಗದ ಮನೆ ಕಟ್ಟಿಸಬೇಕೆಂದಿದ್ದ. ಅದರ ಪಶ್ಚಿಮಕ್ಕೆ ಅಂಟಿಕೊಂಡಂತೆ ಕುಸ್ತಿಯ ಗರಡಿ. ಗೋಡೆ ಎದ್ದರೆ ಗರಡಿಯ ಮಣ್ಣಿಗೆ ಬೆಳಗಿನ ಬಿಸಿಲು ಬೀಳುವುದಿಲ್ಲ. ಗರಡಿಯ ಉಸ್ತಾದ ಒಪ್ಪುವುದಿಲ್ಲವೆಂದ. ಸಾಹುಕಾರ ನೀಲಿ ಶಾಲಿನ ಮನೆಗೆ ಬಂದ.

ಎದುರುಬಾಯಿಗಳು ಒಬ್ಬೊಬ್ಬರಾಗಿ ಎದ್ದು ಉಸ್ತಾದನ ಮಾತು ಆಡಿದರು. ನಾನು ಮುದುಕ, ನನಗಾರೂ ಗತಿಯಿಲ್ಲ ಎಂದು ಒಬ್ಬ ಆಡಿದ. ಈ ಗರಡಿ ಬಿಟ್ಟರೆ ನನ್ನ ಹೊಟ್ಟೆಗಿಲ್ಲ ಎಂದು ಒಬ್ಬಳು ಆಡಿದಳು. ದನಿ ನಡುಗಿಸಿದರು, ಬೆನ್ನು ಬಗ್ಗಿಸಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ನೀರು ಹಿಡಿದು ಕೂತಿದ್ದ ಮನೆಯ ವಾದಿಗಳು ಗುಟುಕ್ ಎಂದು ನುಂಗಿದರು, ತಲೆದೂಗಿದರು. ಎಷ್ಟಾದರೂ ಎದುರಾಳಿ ಅಳುತ್ತಿದ್ದರೆ ಕೇಳಲು ಹಿತವಾಗಿರುತ್ತದೆ, ಅವನ ಕೈಗೆ ಏನಾದರೂ ಹಾಕಿ ಕಳಿಸಬಹುದು. ಶಾಲಿನ ಆಸೆಯಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆ ಗೆಲ್ಲುವಂಥ ಎದುರಾಳಿಯನ್ನೇ ಅವರು ಮನೆಗೆ ತೋರಿಸುತ್ತಿದ್ದರು. ಅದು ವಂಚನೆಯೆಂದು ಅವರಿಗೂ ಅನ್ನಿಸಿರಲಿಲ್ಲ, ನುಂಗುವವರಿಗೂ ಅನ್ನಿಸಿರಲಿಲ್ಲ.

ಹುಡುಗಿಯ ಸರದಿ ಬಂತು. ಎದ್ದು ನಿಂತಳು. "ಉಸ್ತಾದರು ಅಳ್ತಾರೆ ಅಂತ ನಮಗೆ ಯಾರು ಹೇಳಿದ್ದು?" ಎಂದು ಕೇಳಿದಳು.

ಯಾರೂ ಹೇಳಿರಲಿಲ್ಲ. ಯಾರೂ ಹೋಗಿ ಕೇಳಿರಲಿಲ್ಲ. ದೊಡ್ಡ ಮನೆಯವರು ಎದುರಾಳಿಯ ಬಾಗಿಲಿಗೆ ಹೋಗುವುದು ಆ ಮನೆಯ ಘನತೆಗೆ ಕಡಿಮೆ ಎಂದು ಮೊದಲಿಂದಲೂ ನಡೆದು ಬಂದಿತ್ತು. ಹುಡುಗಿಯ ಹೆಗಲ ಮೇಲೆ ಇನ್ನೂ ಶಾಲಿರಲಿಲ್ಲವಲ್ಲ, ಕಡಿಮೆಯಾಗುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಗರಡಿಗೆ ಹೋದಳು.

ಉಸ್ತಾದ ಸೊಂಟಕ್ಕೆ ಪಂಚೆ ಬಿಗಿದು ಮಣ್ಣು ತಿರುವುತ್ತಿದ್ದ. ಕೆಂಪು ಮಣ್ಣು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ. ಬಿಸಿಲು ಓರೆಯಾಗಿ ಬಂದು ಮಣ್ಣಿನ ಮೇಲೆ ಬಿದ್ದಿತ್ತು. ಅವನ ಮೀಸೆ ಬೆಳ್ಳಗಾಗಿತ್ತು. ತೋಳು ಇನ್ನೂ ತೋಳಿನ ಹಾಗೇ ಇತ್ತು.

"ನಾನು ನೀಲಿ ಶಾಲಿನ ಮನೆಯಿಂದ ಬಂದಿದೀನಿ" ಎಂದಳು ಹುಡುಗಿ. "ಅಲ್ಲಿ ನಿಮ್ಮ ಮಾತು ಆಡೋದು ನನ್ನ ಕೆಲಸ. ನಿಮ್ಮ ಮಾತು ಏನು ಅಂತ ಕೇಳೋಕೆ ಬಂದೆ."

ಉಸ್ತಾದ ತಲೆ ಎತ್ತಿದ. "ಅಲ್ಲಿ ನನ್ನ ಹೆಸರಲ್ಲಿ ಎಲ್ಲರೂ ಅಳ್ತಾ ಇದಾರಂತೆ?"

"ಹೌದು."

"ಥೂ!" ಎಂದ. ಆಮೇಲೆ ನಕ್ಕುಬಿಟ್ಟ. "ಕೈ ಚಾಚು ಮಗಾ." ಒಂದು ಹಿಡಿ ಮಣ್ಣು ತೆಗೆದು ಅವಳ ಅಂಗೈಗೆ ಹಾಕಿದ. ಮಣ್ಣು ಬೆಚ್ಚಗಿತ್ತು. "ದಿನಾ ಬೆಳಗಿನ ಬಿಸಿಲು ಕುಡಿಯೋ ಮಣ್ಣು ಇದು. ಬಿಸಿಲು ತಪ್ಪಿದರೆ ಹುಳಿ ಹಿಡಿಯುತ್ತೆ. ಹುಳಿ ಮಣ್ಣಲ್ಲಿ ಬಿದ್ದೋರ ಮೈಗೆ ಹುಣ್ಣು. ಅಂಥ ಮಣ್ಣಲ್ಲಿ ನಾನು ಯಾರನ್ನೂ ಇಳಿಸಲ್ಲ. ಈ ಊರಿನ ಗಂಡಸರು ಎಷ್ಟು ಜನ ಇದಾರೋ ಎಲ್ಲರನ್ನೂ ಇದೇ ಮಣ್ಣಿಗೆ ಕೆಡವಿದೀನಿ. ನಿಮ್ಮ ಸಾಹುಕಾರನನ್ನೂ ಕೆಡವಿದೀನಿ. ಎಲ್ಲರನ್ನೂ ನಾನೇ ಕೈ ಹಿಡಿದು ಎಬ್ಬಿಸಿದೀನಿ. ಬೀಳೋದು ಹೇಗೆ ಅಂತ ಈ ಊರಿಗೆ ಕಲಿಸಿದ್ದು ಈ ಮಣ್ಣು. ನನಗೆ ಹೊಟ್ಟೆಗಿದೆ, ಬಟ್ಟೆಗಿದೆ. ನಾನು ಬಿಸಿಲಿನ ಭಿಕ್ಷೆ ಬೇಡ್ತಾ ಇಲ್ಲ. ನಮ್ಮದನ್ನ ಮುಟ್ಟಬೇಡಿ ಅಂತಿದೀನಿ. ಅಷ್ಟೇ ನನ್ನ ಮಾತು."

ಹುಡುಗಿ ಅಂಗೈಯ ಮಣ್ಣನ್ನು ಮತ್ತೆ ಕಣಕ್ಕೆ ಹಾಕಿದಳು. ಒಂದು ವಿಷಯ ಅವಳಿಗೆ ಆಗಲೇ ಹೊಳೆದಿತ್ತು, ಹೇಳದಿರಲು ಆಗಲಿಲ್ಲ. "ಉಸ್ತಾದರೇ, ಅವರು ಕಟ್ಟೆ ಮೇಲೂ ಹೀಗೇ ಅತ್ತರೆ ನೀವು ಮೂರು ಸಲ ಉಗೀತೀರಿ, ಗೆಲ್ತೀರಿ. ನಾನು ನಿಮ್ಮ ಮಾತನ್ನ ಸರಿಯಾಗಿ ಆಡಿದರೆ ಅವರ ಬಾಯಿ ತೆರೆಯುತ್ತೆ. ಆಮೇಲೆ ನೀವು ಸೋಲಬಹುದು."

"ಎದುರಾಳಿ ಕಣಕ್ಕೇ ಇಳೀದೆ ಗೆದ್ದ ಕುಸ್ತೀನ ನಾನು ಯಾವತ್ತೂ ಕುಸ್ತಿ ಅಂದಿಲ್ಲ" ಎಂದ ಉಸ್ತಾದ. "ನೀನು ಆಡ್ತೀಯಾ? ಆಡು. ಆದರೆ ಬೆನ್ನು ಬಗ್ಗಿಸಿ ಆಡಬೇಡ."

ಮನೆಗೆ ಬಂದು ಅವಳು ಉಸ್ತಾದನ ಮಾತನ್ನು ತಲೆ ಎತ್ತಿ ಆಡಿದಳು. ನೀರು ಹಿಡಿದು ಕೂತಿದ್ದ ಹಿರಿಯ ವಾದಿ ನುಂಗಲೂ ಇಲ್ಲ, ಉಗಿಯಲೂ ಇಲ್ಲ, ಸಿಟ್ಟಿನಿಂದ ಕೆನ್ನೆ ಉಬ್ಬಿಸಿಕೊಂಡು ಎದ್ದು ಹೋಗಿ ಹಿತ್ತಲಲ್ಲಿ ನೀರು ಚೆಲ್ಲಿ ಬಂದ. "ಇದೇನು ಎದುರಾಳಿಯ ಮಾತೋ, ಎದುರಾಳಿಯ ಮೆರವಣಿಗೆಯೋ? ನಾವು ಸೋಲಬೇಕು ಅಂತ ನಿನ್ನ ಆಸೆಯೇನು?" ಎಂದ.

"ನೀವು ಅವರನ್ನ ಇನ್ನೂ ಎದುರಿಸೇ ಇಲ್ಲ, ಸೋಲೋದೆಲ್ಲಿಂದ ಬಂತು?" ಎಂದಳು ಹುಡುಗಿ.

ಆ ದಿನದಿಂದ ಮನೆಯಲ್ಲಿ ಅವಳನ್ನು ಯಾರೂ ಮಾತಾಡಿಸಲಿಲ್ಲ. ಉಳಿದ ಎದುರುಬಾಯಿಗಳು ಊಟಕ್ಕೂ ದೂರ ಕೂತರು. ಅವಳ ಶಾಲು ಹೋಯಿತೆಂದು ಎಲ್ಲರೂ ತೀರ್ಮಾನಿಸಿದರು. ಅವಳಿಗೆ ಸಂಕಟವಾಯಿತು, ಸುಳ್ಳೇಕೆ. ಆದರೆ ಸಂಕಟದ ಕೆಳಗೆ ಇನ್ನೊಂದಿತ್ತು. ಮಾತಿನ ಶಾಲೆಯಲ್ಲಿ ಇಷ್ಟು ವರ್ಷ ಕಲಿತದ್ದು ಯಾತಕ್ಕೆಂದು ಅವಳಿಗೆ ಮೊದಲ ಸಲ ಗೊತ್ತಾಗಿತ್ತು. ಬೇರೊಬ್ಬರ ಮಾತು ತನ್ನ ಬಾಯಲ್ಲಿ ನೆಟ್ಟಗೆ ನಿಂತಿತ್ತು, ಅದರಿಂದ ಅವಳಿಗೆ ಹೆಮ್ಮೆಯಾಗಿತ್ತು.

ವ್ಯಾಜ್ಯದ ದಿನ ಊರೆಲ್ಲ ಕಟ್ಟೆಯ ಸುತ್ತ ಸೇರಿತು. ತೀರ್ಪುಗಾರ ಮೇಲೆ ಕೂತ. ಉಸ್ತಾದ ಬಾಯಲ್ಲಿ ನೀರು ಹಿಡಿದು ಕೂತ. ನೀಲಿ ಶಾಲಿನ ಮನೆಯ ಹಿರಿಯ ವಾದಿ ಎದ್ದು, ನಾನು ಗತಿಯಿಲ್ಲದ ಮುದುಕ ಎಂದು ನಡುಗುವ ದನಿಯಲ್ಲಿ ಆಡಿದ. ಉಸ್ತಾದ ಉಗಿದ. ವಾದಿ ದನಿಯನ್ನು ಇನ್ನಷ್ಟು ನಡುಗಿಸಿ, ಗರಡಿ ಹೋದರೆ ನನಗೆ ಅನ್ನವಿಲ್ಲ ಎಂದು ಆಡಿದ. ಉಸ್ತಾದ ಇನ್ನೂ ದೂರಕ್ಕೆ ಉಗಿದ, ಮುಂದಿನ ಸಾಲಿನವರು ಕಾಲು ಹಿಂದೆಳೆದುಕೊಂಡರು. ನೀಲಿ ಶಾಲಿನ ಮನೆಯ ಬಾಯಿಗೆ ಆವರೆಗೆ ಎಂದೂ ಬೀಗ ಬಿದ್ದಿರಲಿಲ್ಲ. ಹಿರಿಯ ವಾದಿಯ ಮುಖ ಕಪ್ಪಿಟ್ಟಿತು.

ಉಸ್ತಾದ ಮೂರನೆಯ ಗುಟುಕು ಬಾಯಿಗೆ ಹಾಕಿಕೊಂಡ. ಯಜಮಾನಿ ತಿರುಗಿ, ಕೊನೆಯಲ್ಲಿ ಒಬ್ಬಳೇ ನಿಂತಿದ್ದ ಹುಡುಗಿಯ ಕಡೆ ನೋಡಿದಳು. "ನೀನು ಹೋಗು" ಎಂದಳು.

ಹುಡುಗಿ ಕಟ್ಟೆಯ ಅಂಚಿಗೆ ಬಂದಳು. ತಾನು ತಡವರಿಸಿದರೆ ಸಾಕು, ಒಂದು ಮಾತು ತಪ್ಪಿ ಆಡಿದರೆ ಸಾಕು, ಗರಡಿ ಉಳಿಯುತ್ತದೆ. ಯಾರೂ ಅವಳನ್ನು ಬೈಯುವುದೂ ಇಲ್ಲ, ಹಿರಿಯ ವಾದಿಯೇ ಸೋತಲ್ಲಿ ಎಳೆಯವಳದೇನು? ಅವಳು ಉಸ್ತಾದನ ಕಡೆ ನೋಡಿದಳು. ಅವನು ಅಂಗೈಗಳನ್ನು ತೊಡೆಯ ಮೇಲೂರಿ, ಕಣಕ್ಕಿಳಿಯುವವನನ್ನು ಕಾಯುವಂತೆ ಕಾಯುತ್ತಿದ್ದ. ತಪ್ಪಿ ಆಡಿದರೆ ತಾನೂ ಅವನನ್ನು ಅಳಿಸಿದವರಲ್ಲಿ ಒಬ್ಬಳಾಗುತ್ತೇನೆ ಎಂದು ಅವಳಿಗೆ ಅನ್ನಿಸಿತು. ಜಾರುವ ಕಲ್ಲಿನ ಮೇಲೆ ಹೆಜ್ಜೆ ಊರಿ ಊರಿ ಅವನ ಮುಂದೆ ಹೋಗಿ ನಿಂತಳು.

"ನಾನು ಗರಡಿಯ ಉಸ್ತಾದ" ಎಂದಳು. "ನನಗೆ ಹೊಟ್ಟೆಗಿದೆ, ಬಟ್ಟೆಗಿದೆ. ನಾನಿಲ್ಲಿ ಬೇಡಲು ಬಂದವನಲ್ಲ. ಈ ಊರಿಗೆ ಬೀಳುವುದನ್ನು ಕಲಿಸಿದವನು ನಾನು. ಬಿದ್ದವರನ್ನು ಎಬ್ಬಿಸಿದವನೂ ನಾನೇ. ನಿಮ್ಮಲ್ಲಿ ಯಾವ ಗಂಡಸಿನ ಬೆನ್ನಿಗೆ ಆ ಮಣ್ಣು ಹತ್ತಿಲ್ಲವೋ ಅವನು ಎದ್ದು ನಿಲ್ಲಲಿ." ಯಾರೂ ಎದ್ದು ನಿಲ್ಲಲಿಲ್ಲ. ಸಾಹುಕಾರ ತಲೆ ತಗ್ಗಿಸಿದ. "ಆ ಮಣ್ಣು ಬೆಳಗಿನ ಬಿಸಿಲು ಕುಡಿದು ಬೆಳೆದದ್ದು. ಬಿಸಿಲು ಹೋದರೆ ಮಣ್ಣು ಹುಳಿಯುತ್ತದೆ, ಹುಳಿತ ಮಣ್ಣಿಗೆ ನಾನು ಯಾರನ್ನೂ ಇಳಿಸುವುದಿಲ್ಲ. ನನಗೆ ಬದಲಿ ಜಾಗ ಬೇಡ, ಪರಿಹಾರ ಬೇಡ, ಕನಿಕರವಂತೂ ಬೇಡವೇ ಬೇಡ. ನಮ್ಮದು ನಮ್ಮದಾಗಿಯೇ ಇರಲಿ. ಇದು ನನ್ನ ಮಾತು."

ಉಸ್ತಾದ ಕೂತೇ ಇದ್ದ. ಕೆನ್ನೆಯಲ್ಲಿ ನೀರು ಹಾಗೇ ಇತ್ತು. ಉಗಿದರೆ ಗರಡಿ ಉಳಿಯಿತು, ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. "ಉಗೀರಿ ಉಸ್ತಾದರೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವನು ಕೂಗಿದವನ ಕಡೆ ಒಮ್ಮೆ ನೋಡಿದ. ಆಮೇಲೆ, ಊರೆಲ್ಲ ಕಾಣುವಂತೆ ಗಂಟಲು ಎತ್ತಿ ನುಂಗಿದ.

"ನನ್ನ ಮಾತೇ" ಎಂದ. "ಇಷ್ಟು ಚೆನ್ನಾಗಿ ನಾನೂ ಆಡಿರಲಿಲ್ಲ."

ನೀಲಿ ಶಾಲಿನ ಮನೆಯ ಬಾಯಿ ತೆರೆಯಿತು. ಹಿರಿಯ ವಾದಿ ಸಿದ್ಧ ಮಾಡಿಕೊಂಡಿದ್ದ ವಾದವೆಲ್ಲ ಬದಲಿ ಜಾಗ, ಪರಿಹಾರ, ವರ್ಷಕ್ಕಿಷ್ಟು ಧಾನ್ಯ. ಅಳುವವನಿಗೆ ಕೊಡಲು ತಂದದ್ದನ್ನು ಅಳದವನ ಮುಂದೆ ಹೇಗೆ ಇಡುವುದು? ಆಗ ಯಜಮಾನಿ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಎದ್ದಳು. ಅವಳು ಕಟ್ಟೆಯ ಮೇಲೆ ಮಾತಾಡಿ ಎಷ್ಟೋ ಕಾಲವಾಗಿತ್ತು.

"ಉಸ್ತಾದರು ಹೇಳಿದ್ದೆಲ್ಲ ನಿಜ" ಎಂದು ಶುರು ಮಾಡಿದಳು. "ಅದನ್ನು ಒಪ್ಪಿಕೊಂಡೇ ಅವರ ಮಣ್ಣಿನ ಬಿಸಿಲು ಕೇಳುತ್ತೇನೆ." ಒಂದೇ ಒಂದು ಸಲವೂ ದನಿ ಏರಿಸದೆ, ಮಗ್ಗವಿಲ್ಲದೆ ಊರು ಬಿಟ್ಟು ಹೋಗುತ್ತಿರುವ ನೇಕಾರರ ಮನೆಗಳ ಬಗ್ಗೆ ಹೇಳಿದಳು. ಈ ಊರಲ್ಲಿ ಅಷ್ಟು ಎತ್ತರ, ಅಷ್ಟು ಬೆಳಕು ಸಿಗುವ ಬೇರೆ ಜಾಗವಿಲ್ಲವೆಂದು ತೋರಿಸಿದಳು. ಹೆಣ್ಣುಮಕ್ಕಳು ಕಾಲಿಡದ ಗರಡಿಯ ಅಂಗಳವನ್ನೂ, ಹೆಣ್ಣುಮಕ್ಕಳಿಂದ ತುಂಬಲಿರುವ ಮಗ್ಗದ ಮನೆಯನ್ನೂ ಎದುರೆದುರು ಇಟ್ಟಳು. ಹುಡುಗಿ ಮೈಯೆಲ್ಲ ಕಿವಿಯಾಗಿ ಕೇಳಿದಳು. ಇವಳ ಹೆಗಲ ಮೇಲೆ ಈ ಶಾಲು ಯಾಕಿದೆಯೆಂದು ಅವಳಿಗೆ ಅರ್ಥವಾಯಿತು. ತನ್ನ ಮಾತೇ ಈ ಮಾತನ್ನು ಹೊರಗೆ ಕರೆದಿತ್ತು. ಗಟ್ಟಿ ಎದುರಾಳಿ ಸಿಗದೆ ಈ ದೊಡ್ಡ ದನಿ ಇಷ್ಟು ದಿನ ಮನೆಯೊಳಗೆ ಮಲಗಿತ್ತು.

ಮಗ್ಗದ ಮನೆ ಏಳಲಿ ಎಂದ ತೀರ್ಪುಗಾರ.

ಉಸ್ತಾದ ಎದ್ದು ಪಂಚೆ ಕೊಡವಿಕೊಂಡ. "ಬಿದ್ದೆ. ಸರಿಯಾಗೇ ಬಿದ್ದೆ" ಎಂದ. ಸಾಹುಕಾರ ಓಡಿ ಬಂದು, ಗರಡಿಯ ಮಣ್ಣನ್ನು ಊರಾಚೆಯ ಬಯಲಿಗೆ ಸಾಗಿಸಲು ಗಾಡಿಗಳನ್ನು ಕಳಿಸುತ್ತೇನೆ ಎಂದು ಕೈ ಮುಗಿದ. "ಗಾಡಿ ಮೇಲೆ ಹೋಗೋ ಮಣ್ಣಲ್ಲಪ್ಪ ಅದು" ಎಂದ ಉಸ್ತಾದ. "ಹೊರೋರು ಹೊರಲಿ."

ಹುಡುಗಿ ಅಂದು ನೀಲಿ ಶಾಲಿನ ಮನೆಗೆ ಮರಳಲಿಲ್ಲ. ತನ್ನ ಮನೆಗೆ ಹೋಗಿ, ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಉಸ್ತಾದ ಅಳದಿದ್ದ ಅಳುವನ್ನೆಲ್ಲ ಅವಳೇ ಅತ್ತಳು. "ನಾನು ಆಡಿದ್ದಕ್ಕೇ ಅವರು ಸೋತರು ಕಣಮ್ಮಾ."

"ಹೌದು, ನೀನು ಆಡಿದ್ದಕ್ಕೇ" ಎಂದಳು ತಾಯಿ. ಸಮಾಧಾನಕ್ಕೆಂದು ಸುಳ್ಳು ಹೇಳುವ ಹೆಂಗಸಲ್ಲ ಅವಳು. "ಅವರು ತಲೆ ಎತ್ತಿಕೊಂಡು ಸೋತರಲ್ಲ, ಅದೂ ನೀನು ಆಡಿದ್ದಕ್ಕೇ. ಎರಡೂ ನಿನ್ನವೇ, ಎರಡನ್ನೂ ಇಟ್ಕೋ. ಈಗ ಮೇಲೇಳು, ಬುಟ್ಟಿ ಹುಡುಕೋಣ."

ಬೆಳಗಾದಾಗ ಗರಡಿಯ ಮುಂದೆ ಊರೇ ನೆರೆದಿತ್ತು. ಆ ಮಣ್ಣಿಗೆ ಒಮ್ಮೆಯಾದರೂ ಬಿದ್ದವರೆಲ್ಲ ಬುಟ್ಟಿ ಹಿಡಿದು ಬಂದಿದ್ದರು. ಸಾಹುಕಾರ ಬರಿಮೈಯಲ್ಲಿ ಸಾಲಿನ ಮುಂದೆ ನಿಂತಿದ್ದ. ಊರಾಚೆಯ ಬಯಲಲ್ಲಿ ಬಿಸಿಲಿಗೆ ಅಡ್ಡವಾಗುವಂಥದ್ದೇನೂ ಇರಲಿಲ್ಲ. ಉಸ್ತಾದ ಮೊದಲ ಬುಟ್ಟಿಯನ್ನು ತಾನೇ ಹೊತ್ತು ಹೊರಟ, ಅವನ ಹಿಂದೆ ಸಾಲು ಹೊರಟಿತು. ಸೋತವನ ಹಿಂದೆ ಅಷ್ಟು ಜನ ನಡೆದದ್ದನ್ನು ಊರು ಅದಕ್ಕೆ ಮೊದಲು ನೋಡಿರಲಿಲ್ಲ.

ಹುಡುಗಿ ಬುಟ್ಟಿಗೆ ಮಣ್ಣು ತುಂಬುತ್ತಿದ್ದಾಗ ಅವಳ ಮೇಲೆ ನೆರಳು ಬಿತ್ತು. ನೀಲಿ ಶಾಲಿನ ಮನೆಯ ಯಜಮಾನಿ ನಿಂತಿದ್ದಳು. ಕೈಯಲ್ಲಿ ಹೊಸ ಶಾಲು.

"ಈ ಮನೆಗೆ ನೀನು ಬೇಕು" ಎಂದಳು ಯಜಮಾನಿ. ಹಾಗೆ ಹೇಳಿ ಅವಳಿಗೆ ರೂಢಿಯಿರಲಿಲ್ಲ, ಮಾತು ಸ್ವಲ್ಪ ಒರಟಾಗಿ ಬಂತು. "ನಿನ್ನೆ ನಾನು ಮತ್ತೆ ಮಾತಾಡಿದೆ. ನಿನ್ನಿಂದ ಮಾತಾಡಿದೆ. ತಗೋ."

ಹುಡುಗಿ ಮಣ್ಣಿನ ಕೈಯನ್ನು ಒರೆಸಿಕೊಂಡು ಶಾಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೃದುವಾಗಿತ್ತು, ಅವಳು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. "ನಿಮ್ಮ ಮನೆ ದೊಡ್ಡದು ಅಮ್ಮಾ" ಎಂದಳು. "ನಿನ್ನೆ ನೀವು ಆಡಿದ್ದು ಕೇಳಿ ನನಗೆ ಹೆಮ್ಮೆ ಆಯ್ತು. ಒಳಗೆ ಬರದೇ ಇದ್ದಿದ್ರೆ ಇದು ನನಗೆ ಗೊತ್ತಾಗ್ತಾನೇ ಇರಲಿಲ್ಲ. ನನಗೇನು ಬೇಕು ಅನ್ನೋದೂ ಗೊತ್ತಾಗ್ತಿರಲಿಲ್ಲ."

"ಏನು ಬೇಕು?"

"ಎದುರುಬಾಯಿಯಾಗೇ ಇರಬೇಕು. ಬೇಸಿಗೆಗೆ ಮಾತ್ರ ಅಲ್ಲ. ಯಾರ ಮಾತನ್ನ ಎದುರಿನವರು ಅಳಿಸ್ತಾರೋ ಅವರ ಮಾತನ್ನ ನೆಟ್ಟಗೆ ಆಡಬೇಕು. ಯಾರು ಕರೆದರೂ ಬರ್ತೀನಿ. ನೀವು ಕರೆದರೂ ಬರ್ತೀನಿ. ಹೆಗಲಿಗೆ ಮಾತ್ರ ಇದನ್ನ ಹಾಕ್ಕೊಳ್ಳಲ್ಲ."

"ಹಾಗಾದರೆ ಕೊಡು ಇತ್ತ."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ ಅಮ್ಮಾ?" ಎಂದು ಹುಡುಗಿ ನಕ್ಕಳು. ನೀಲಿ ಶಾಲನ್ನು ಹುರಿಯಂತೆ ತಿರುವಿ, ಸುತ್ತಿ ಸುತ್ತಿ ಸಿಂಬಿ ಮಾಡಿ ನಡುನೆತ್ತಿಯ ಮೇಲಿಟ್ಟುಕೊಂಡಳು. ಆ ಶಾಲು ಹೆಗಲಿನ ಹೊರತು ಬೇರೆಲ್ಲಿಯೂ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಹುಡುಗಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ತುಂಬಿದ ಬುಟ್ಟಿಯನ್ನು ಯಾರೂ ತಾವೇ ತಲೆಗೇರಿಸಿಕೊಳ್ಳಲಾರರು, ಇನ್ನೊಂದು ಜೊತೆ ಕೈ ಬೇಕು. ಅವಳು ತಲೆ ಎತ್ತಿ ಯಜಮಾನಿಯನ್ನು ನೋಡಿದಳು.

ಯಜಮಾನಿ ತನ್ನ ಶಾಲಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಎಂದೂ ಬಾಗದ ಬೆನ್ನನ್ನು ಬಾಗಿಸಿ, ಎರಡೂ ಕೈಯಿಂದ ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟಳು.

"ಹೂಂ, ಏಳು" ಎಂದಳು.

ಹುಡುಗಿ ಎದ್ದಳು. ಮಣ್ಣು ಭಾರವಾಗಿತ್ತು. ಅವಳು ಕುತ್ತಿಗೆ ನೆಟ್ಟಗೆ ಹಿಡಿದು ಸಾಲು ಸೇರಿಕೊಂಡಳು.